ಲೀಟರಿಗೆ ನಾಲ್ಕು ಕಿಲೋಮೀಟರ್ ಹೆಚ್ಚು

ಮೈಲಾರೆಪ್ಪ ಸ್ಕ್ರೂಡ್ರೈವರಿನ ತುದಿಯಿಂದ ಕಡ್ಡಿಪೆಟ್ಟಿಗೆಯಷ್ಟಿದ್ದ ಆ ಡಬ್ಬಿಯ ಮುಚ್ಚಳ ಎಬ್ಬಿಸಿ, ಒಳಗೆ ನೋಡಿ, ಮತ್ತೆ ಮುಚ್ಚಿಬಿಟ್ಟ.

"ಸರ, ಇದರಾಗ ಏನೂ ಇಲ್ರಿ."

"ಏನೂ ಇಲ್ಲ ಅಂದ್ರ?"

"ಒಂದು ಹಸರು ದೀಪ ಐತಿ. ಅದನ್ನ ಮಿಣಕ್ ಮಿಣಕ್ ಅನಿಸಾಕ ಒಂದು ಚಿಪ್ ಐತಿ. ಇಂಜಿನ್ನಿಗೆ ಸುದ್ದಿ ಮುಟ್ಟಸಾಕ ವಾಯರ್ ಬೇಕಲ್ರಿ, ಅದನ್ನ ಹಚ್ಚೇ ಇಲ್ಲ. ದೀಪಾವಳಿ ಸರದಾಗಿನ ಒಂದು ಬಲ್ಬ್ ಅಂತ ತಿಳ್ಕೋರಿ."

ಹಲಗೇರಿ ರಸ್ತೆಯ ಆ ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಶಿವಾನಂದ ಮಾಸ್ತರರು ಎದ್ದು ನಿಂತರು. ಮೂವತ್ತು ವರ್ಷದಿಂದ ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವವರು; ಇದೇ ಮೈಲಾರೆಪ್ಪನನ್ನು ಅದೇ ಲೆಕ್ಕದಲ್ಲಿ ಎರಡು ಸಲ ನಪಾಸು ಮಾಡಿದವರು. ಡಬ್ಬಿ ತರಿಸಿದ್ದು ಅವರ ಹೆಂಡತಿ ಭಾಗೀರಥಿ. ಕಾರಿನ ಸ್ಟೇರಿಂಗಿನ ಕೆಳಗೆ ಚುಚ್ಚಿದರೆ ಸಾಕು, ಇಂಜಿನ್ನಿಗೆ ದಮ್ಮು ಬರುತ್ತದೆ, ಎಣ್ಣೆಯೂ ಉಳಿಯುತ್ತದೆ ಎಂದು ಮೊಬೈಲಿನಲ್ಲಿ ನೋಡಿ, ಗಂಡನಿಗೆ ಹೇಳದೆ ತರಿಸಿದ್ದಳು. ಪಾರ್ಸಲ್ ಮನೆಗೆ ಬಂದದ್ದು ಅವಳು ತೀರಿಕೊಂಡ ಒಂಬತ್ತನೇ ದಿನ. ಮಾಸ್ತರರು ಅವತ್ತೇ ಅದನ್ನು ಹಚ್ಚಿದರು. ಎರಡು ತಿಂಗಳಿಂದ ಕಾರು ಶುರು ಮಾಡಿದಾಗೆಲ್ಲ ಹಸಿರು ದೀಪ ಮಿಣುಕುತ್ತಿತ್ತು, "ಹೊರಡ್ರಿ ಇನ್ನ" ಎಂದು ಅವಳೇ ಅಂದಂತೆ ಆಗುತ್ತಿತ್ತು. ನಿನ್ನೆ ಸ್ಟಾಫ್ ರೂಮಿನಲ್ಲಿ ಯಾರೋ "ಅವೆಲ್ಲಾ ಮೋಸ ಬಿಡ್ರಿ" ಅಂದಿದ್ದರು. ಆವಾಗಿನಿಂದ ಮಾಸ್ತರರಿಗೆ ಊಟ ಸೇರಿರಲಿಲ್ಲ. ಅವಳು ಕೊಟ್ಟ ಕಡೆಯ ಸಾಮಾನು ಅದು, ಸುಳ್ಳಾಗಬಾರದಿತ್ತು.

"ಲೇ ಮೈಲಾರಿ, ಲೆಕ್ಕ ಸುಳ್ಳು ಹೇಳೂದಿಲ್ಲ. ಇದನ್ನ ಹಚ್ಚೂಕಿಂತ ಮೊದಲ ಲೀಟರಿಗೆ ಹದಿಮೂರು ಕೊಡ್ತಿತ್ತು. ಈಗ ಹದಿನೇಳು. ಪ್ರತಿ ಸಲ ಟಾಕಿ ತುಂಬಿಸಿ ನೋಡೇನಿ. ಏರಿನ್ಯಾಗ ತಿಣಕತಿತ್ತು, ಈಗ ಸಲೀಸ ಹತ್ತತದ. ಬರೇ ದೀಪದಿಂದ ಇದಾಗತದೇನು?"

ಮೈಲಾರೆಪ್ಪ ಬಟ್ಟೆಗೆ ಕೈ ಒರೆಸಿಕೊಂಡ. "ಹೊಸಾ ಟಾಯರ್ ಹಾಕ್ಸೀರೇನ್ರಿ?"

"ಇಲ್ಲ."

"ದಾರಿ ಬದಲಿ ಮಾಡೀರಿ?"

"ವಾರ ಪೂರಾ ಕಾರು ಮನಿ ಮುಂದ ನಿಂತಿರತದ. ಶನಿವಾರ ಒಂದ ದಿನ ಬ್ಯಾಡಗಿ ಮ್ಯಾಲೆ ಹಾಯ್ದು ಕದರಮಂಡಲಗಿ ಹಣಮಪ್ಪಗ ಹೋಗಿ ಬರೂದು. ಹದಿನೈದು ವರ್ಷದಿಂದ ಅದ ದಾರಿ."

"ಎ.ಸಿ. ಹಾಕ್ತೀರೇನ್ರಿ?"

"ನನಗ ಅದರ ತಂಡಿ ಆಗಿಬರೂದಿಲ್ಲ. ಅಕಿಗೆ ಬೇಕಾಗ್ತಿತ್ತು. ಗೇಟ್ ದಾಟೂದ್ರಾಗ ಹಾಕ್ರಿ ಅಂತಿದ್ಲು."

ಮೈಲಾರೆಪ್ಪ ಮುಂದಿನ ಪ್ರಶ್ನೆ ಕೇಳಲಿಲ್ಲ. ಆ ಕಾರು ಅವನಿಗೆ ಗೊತ್ತಿದ್ದದ್ದೇ. ಶನಿವಾರ ಭಾಗೀರಥಿ ಅಕ್ಕ ಮುಂದಿನ ಸೀಟಿನಲ್ಲಿ ಕೂತಳೆಂದರೆ ದಾರಿಯಲ್ಲಿ ಕೈ ಮಾಡಿದವರೆಲ್ಲ ಒಳಗೆ. ಹಣಮಪ್ಪನ ಗುಡಿಗೆ ಬರಿಗಾಲಲ್ಲಿ ಹೊರಟ ಮುದುಕಿಯರು, ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹೆಂಗಸರು, ಅವರ ಗಂಟು, ಅವರ ಬುತ್ತಿ. "ಇದೇನು ಕಾರೋ, ಟಂಟಂ ಗಾಡಿಯೋ? ಮೈಲೇಜ್ ಎಲ್ಲಿಂದ ಬರಬೇಕು?" ಎಂದು ಮಾಸ್ತರರು ಸಿಡುಕುವುದು, "ಸೀಟು ಖಾಲಿ ಒಯ್ದು ಯಾರಿಗೆ ಕೊಡಾವ್ರಿದ್ದೀರಿ?" ಎಂದು ಅವಳು ನಗುವುದು. ಈ ಗ್ಯಾರೇಜಿನ ಮುಂದೆ ನಿಂತೂ ಆ ಜಗಳ ಆಗಿತ್ತು.

"ಯಾಕ ಸುಮ್ಮನಾದಿ? ಹೇಳು."

"ನಾ ಲೆಕ್ಕದಾಗ ನಪಾಸಾದಾಂವ್ರಿ, ಸರ."

"ಹೇಳಲೇ."

"ಮೊದ್ಲ ಗಾಡ್ಯಾಗ ಎಷ್ಟು ಮಂದಿ ಇರ್ತಿದ್ರಿ?"

"ಆರು, ಒಮ್ಮೊಮ್ಮೆ ಏಳು..." ಮಾಸ್ತರರು ಅಲ್ಲಿಗೇ ನಿಂತರು.

ಈಗ ಎಷ್ಟು ಮಂದಿ ಎಂದು ಮೈಲಾರೆಪ್ಪ ಕೇಳಲಿಲ್ಲ, ತಲೆ ಬಗ್ಗಿಸಿ ಡಬ್ಬಿಯ ಸ್ಕ್ರೂ ತಿರುಗಿಸತೊಡಗಿದ. ಊರ ಮಕ್ಕಳಿಗೆಲ್ಲ ಕಳೆಯುವ ಲೆಕ್ಕ ಕಲಿಸಿದ ಮಾಸ್ತರರಿಗೆ ತಮ್ಮ ಮನೆಯದೇ ತಿಳಿದಿರಲಿಲ್ಲ. ಇಂಜಿನ್ನಿಗೆ ಯಾವ ದಮ್ಮೂ ಬಂದಿರಲಿಲ್ಲ. ಅವಳು ಇಳಿದು ಹೋಗಿದ್ದಳು, ಅವಳ ಹಿಂದೆ ಎಲ್ಲರೂ ಇಳಿದಿದ್ದರು. ಎರಡು ತಿಂಗಳು ತಾವು ಹೆಮ್ಮೆಯಿಂದ ಬರೆದಿಟ್ಟ ಆ ನಾಲ್ಕು ಕಿಲೋಮೀಟರು ಅವಳಿಲ್ಲದ ಕಿಲೋಮೀಟರುಗಳು. ಲೀಟರಿಗೆ ಐದೇ ಕೊಡಲಿ, ಏರಿನಲ್ಲಿ ನಿಂತೇ ಹೋಗಲಿ, ಅವಳು ಪಕ್ಕದಲ್ಲಿ ಬೇಕಾಗಿತ್ತು.

"ಒಗದ ಬಿಡ್ಲೇನ್ರಿ ಇದನ್ನ?"

"ಬ್ಯಾಡ. ಮೊದಲಿದ್ದಲ್ಲೇ ಹಚ್ಚು."

ಮರುದಿನ ಶನಿವಾರ. ರಾಣೆಬೆನ್ನೂರು ದಾಟಿ, ಬಸ್ಸು ನಿಲ್ಲುವ ಬೇವಿನ ಗಿಡದ ಹತ್ತಿರ ಜೈತೂನಬಿ ಬುತ್ತಿ ಹಿಡಿದು ನಿಂತಿದ್ದಳು, ಜೊತೆಗೆ ಇನ್ನಿಬ್ಬರು. ಮೂವರೂ ಬ್ಯಾಡಗಿಯ ಮೆಣಸಿನಕಾಯಿ ಕೆಲಸದವರು. ಈ ಕಾರು ಕಂಡರೆ ಓಡಿ ಬಂದು ಕೈ ಮಾಡುತ್ತಿದ್ದವಳು ಇವತ್ತು ಮಾಡಲಿಲ್ಲ. ಮಾಸ್ತರರೇ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದರು.

ಮೂವರೂ ಗಂಟು ಸಮೇತ ಹಿಂದೆಯೇ ಒತ್ತಿಕೊಂಡು ಕೂತರು.

"ಒಬ್ಬರು ಮುಂದ ಬರ್ರಿ, ಜಾಗಾ ಅದ," ಅಂದರು ಮಾಸ್ತರರು.

"ಬ್ಯಾಡ್ರಿ. ಅದು ಅಕ್ಕಾರ ಜಾಗಾ," ಅಂದಳು ಜೈತೂನಬಿ.

ಮಾಸ್ತರರು ಎ.ಸಿ. ಹಾಕಿ, ಅದರ ಗಾಳಿಯನ್ನು ಪಕ್ಕದ ಖಾಲಿ ಸೀಟಿನ ಕಡೆ ತಿರುಗಿಸಿದರು. ಹಸಿರು ದೀಪ ಮಿಣುಕುತ್ತಿತ್ತು. ಮುಂದಿನ ಏರಿನಲ್ಲಿ ಕಾರು ಮೊದಲಿನ ಹಾಗೆ ತಿಣುಕಿತು.

ಜೈತೂನಬಿ ಮುಂದೆ ಬಗ್ಗಿ, ಬೇಜಾರಿಲ್ಲದ ದನಿಯಲ್ಲಿ ಹೇಳಿದಳು: "ಎಂಟು ಶನಿವಾರ ಕೈ ಮಾಡಿದ್ನಿರಿ ಮಾಸ್ತರ, ನೀವು ನಿಲ್ಲಸಲಿಲ್ಲ. ಅಕ್ಕಾರಿಗೆ ಸೀಟಿನ್ಯಾಗ ನಿದ್ದಿ ಹತ್ತಿರಬೇಕು ಅಂತ ತಿಳ್ಕೊಂಡ್ನಿ."