ಹೊರಗಿನ ಸಾಕ್ಷಿ

“ಇವತ್ತಿಗೆ ಏಳು ದಿನ ಆಯ್ತು. ಅಳಿಸಿಬಿಡಿ,” ಎಂದರು ವಿಶ್ವವಿದ್ಯಾಲಯದ ಡ್ರೋನ್ ಸಮಿತಿಯ ಕಾರ್ಯದರ್ಶಿ, ಕಡತದಿಂದ ತಲೆ ಎತ್ತದೆ.

ಡ್ರೋನ್ ಹಾರಿಸುವವನು ಕಂಪ್ಯೂಟರ್‌ನಲ್ಲಿ ತಾನು ತೆಗೆದ ವಿಡಿಯೋ ಹಾಕಿಕೊಂಡು ಕೂತಿದ್ದ. ಪರದೆಯ ಮೇಲೆ ಗ್ರಂಥಾಲಯದ ತಾರಸಿ. ಅದರ ಅಂಚಿನಲ್ಲಿ ಬಗ್ಗಿ, ನೀರಿಳಿಯುವ ಕೊಳವೆಗೆ ಕಟ್ಟಿಕೊಂಡ ಕಸ ತೆಗೆಯುತ್ತಿರುವ ಕೂಲಿಯವನು. ಸೊಂಟದಲ್ಲಿ ಹಗ್ಗವಿಲ್ಲ. ಹಿಂದೆ ನೆರಳಲ್ಲಿ ನಿಂತ ಮೇಸ್ತ್ರಿ, ಇನ್ನೂ ಆಚೆ ಹೋಗು ಎಂದು ಕೈ ಬೀಸುತ್ತಿದ್ದಾನೆ. ಇದಾದ ಕಾಲು ಗಂಟೆಗೆ ಕೂಲಿಯವನು ನಾಲ್ಕು ಅಂತಸ್ತು ಕೆಳಗೆ ಬಿದ್ದು ಸತ್ತ. ‘ಕೊಟ್ಟ ಹಗ್ಗವನ್ನು ತಾನೇ ಬಿಚ್ಚಿಹಾಕಿದ್ದ’ ಎಂದು ವಿಶ್ವವಿದ್ಯಾಲಯದವರು ವರದಿ ಬರೆದು ಕೈ ತೊಳೆದುಕೊಂಡರು. ಸತ್ತವನು ಎದ್ದು ಬಂದು ಅಲ್ಲಗಳೆಯುತ್ತಾನೆಯೇ?

“ಇದೊಂದನ್ನ ಇಟ್ಕೊಳ್ಳೋಣ ಸರ್. ಅವನ ಅಣ್ಣ ಬೆಳಗ್ಗಿಂದ ಹೊರಗಡೆ ಕೂತಿದಾನೆ. ಗಾರೆ ಕೆಲಸದವನು. ಅವತ್ತು ಡ್ರೋನ್ ಹಾರಿದ್ದನ್ನ ಯಾರೋ ಹೇಳಿದಾರೆ. ಪರಿಹಾರ ಗಿರಿಹಾರ ಏನೂ ಕೇಳ್ತಿಲ್ಲ. ತಮ್ಮಂದೇ ತಪ್ಪು ಅಂತ ಬರೆದಿರೋದನ್ನ ತೆಗೀರಿ ಅಂತಾನೆ, ಅಷ್ಟೇ.”

“ಕನಿಕರ ನನಗೂ ಇದೆ ಕಣ್ರೀ.” ಕಾರ್ಯದರ್ಶಿ ನಿಯಮಗಳ ಪುಸ್ತಕವನ್ನು ಅವನ ಕಡೆ ತಿರುಗಿಸಿದರು. “ಗುರುತು ಸಿಗೋ ಹಾಗೆ ಯಾರಾದ್ರೂ ಚಿತ್ರದಲ್ಲಿ ಬಿದ್ರೆ ಅವರ ಲಿಖಿತ ಒಪ್ಪಿಗೆ ಬೇಕು. ಇಲ್ಲದಿದ್ರೆ ಏಳು ದಿನದೊಳಗೆ ಅಳಿಸ್ಬೇಕು. ಮೇಸ್ತ್ರೀನ ಕೇಳ್ದೆ, ಆಗಲ್ಲ ಅಂದ. ಇನ್ನು ಆ ಕೂಲಿಯವನ ಒಪ್ಪಿಗೆ ತಂದ್ಕೊಡಿ, ನೋಡೋಣ.”

“ಸತ್ತವನಿಂದ ಹೇಗೆ ತರೋದು ಸರ್?”

“ಅದರ ಬಗ್ಗೆ ನಿಯಮದಲ್ಲಿ ಏನೂ ಇಲ್ಲ.” ಅವರು ದನಿ ತಗ್ಗಿಸಿದರು. “ನಿಮ್ಮ ಗುತ್ತಿಗೆ ಮುಂದುವರಿಸೋ ಕಡತ ನನ್ನ ಮೇಜಿನ ಮೇಲೇ ಇದೆ. ನಿಯಮ ಮೀರಿದ್ರು ಅಂತ ಅದರಲ್ಲಿ ಬರೆಯೋಕೆ ನನಗೂ ಇಷ್ಟ ಇಲ್ಲ.”

ಹಾಸ್ಟೆಲ್ ಹುಡುಗಿಯರ ಕಿಟಕಿಗಳ ಮೇಲೆ ಯಾರೂ ಕಣ್ಣಿಡಬಾರದೆಂದು ಮಾಡಿದ ನಿಯಮ ಅದು. ಈಗ ಮೇಸ್ತ್ರಿಯ ಮಾನ ಕಾಯುತ್ತಿತ್ತು. ಡ್ರೋನ್ ಕೊಂಡದ್ದಾದರೂ ಏಕೆ? ತಾರಸಿ ನೋಡಲು ಮನುಷ್ಯರು ಹತ್ತುವ ಅಪಾಯ ತಪ್ಪಲಿ ಎಂದು. ಡ್ರೋನು ಕಸವನ್ನೇನೋ ಕಂಡಿತು. ತೆಗೆಯಲು ಮನುಷ್ಯನೇ ಹತ್ತಬೇಕಾಯಿತು. ಕಳೆದ ಆರು ದಿನಗಳಲ್ಲಿ ಯಾವಾಗ ಬೇಕಾದರೂ ಡ್ರೋನ್ ಹಾರಿಸುವವನು ವಿಡಿಯೋದ ಒಂದು ಪ್ರತಿ ತೆಗೆದಿಟ್ಟುಕೊಳ್ಳಬಹುದಿತ್ತು. ಪುಕ್ಕಲ, ತೆಗೆದಿರಲಿಲ್ಲ. ಈಗ ಕಾರ್ಯದರ್ಶಿ ಪಕ್ಕಕ್ಕೇ ಬಂದು ನಿಂತಿದ್ದರು. ಅವನು ಗುಂಡಿ ಒತ್ತಿದ. ಒಂದು ಕ್ಷಣದ ಕೆಲಸ.

ಕಾರ್ಯದರ್ಶಿ ‘ಅಳಿಸಿದ ಬಗ್ಗೆ ದೃಢೀಕರಣ’ ಎಂಬ ನಮೂನೆ ಹೊರತೆಗೆದರು. “ನೀವಿಲ್ಲಿ ಸಹಿ ಹಾಕಿ. ಕೆಳಗಡೆ ಸಾಕ್ಷಿ. ಅದು ನಮ್ಮ ನೌಕರರಾಗಿರಬಾರದು, ಹೊರಗಿನವರೇ ಆಗ್ಬೇಕು. ನಾವು ನಾವೇ ಸಹಿ ಹಾಕ್ಕೊಂಡ್ರೆ ಜನ ನಂಬ್ತಾರೇನ್ರೀ?” ಆಮೇಲೆ ಬಾಗಿಲ ಕಡೆ ನೋಡಿದರು. “ಯಾರೋ ಕೂತಿದಾನೆ ಅಂದ್ರಲ್ಲ, ಕರೀರಿ ಅವನ್ನೇ.”

“ಸರ್, ಅವನು ಬೇಡ.”

“ನಾಲ್ಕು ಗಂಟೆಗೆ ಕಚೇರಿ ಮುಚ್ಚುತ್ತೆ. ಕರೀರಿ.”

ಅಣ್ಣ ಒಳಗೆ ಬಂದ. ಸಿಮೆಂಟಿನಿಂದ ಬಿರುಕುಬಿಟ್ಟ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. ಕಾರ್ಯದರ್ಶಿ ತಾವೇ ಕುರ್ಚಿ ಎಳೆದುಕೊಟ್ಟು, “ಆ ವಿಡಿಯೋ ವಿಷಯಾನೇ ಕಣಪ್ಪ. ಇಲ್ಲೊಂದು ಸಹಿ ಹಾಕು,” ಎಂದರು.

ಅಣ್ಣ ಕಾಗದ ನೋಡಲಿಲ್ಲ, ಡ್ರೋನ್ ಹಾರಿಸುವವನ ಮುಖ ನೋಡಿದ. “ಹಾಕ್ಲಾ ಸರ್?”

ಅವನು ಹೂಂ ಎಂದು ತಲೆಯಾಡಿಸಿದ. ಆ ಕ್ಷಣಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಣ್ಣ ಪೆನ್ನು ಒತ್ತಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದ. ಶಾಯಿ ಕಲಸಿಹೋಗದಿರಲೆಂದು ಮೆಲ್ಲಗೆ ಊದಿ, ಕಾಗದವನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟ.

“ದೊಡ್ಡ ಉಪಕಾರ ಆಯ್ತು ಸರ್. ಯಾವತ್ತು ತೋರಿಸ್ತೀರಾ ಹೇಳಿ, ಅಮ್ಮನ್ನೂ ಕರ್ಕೊಂಡು ಬರ್ತೀನಿ.”