ಹಳೇ ಕಾರಿನಲ್ಲಿ ಒಂದು ಸುತ್ತು

ಒಳಗಿನಿಂದಲೇ ಪಕ್ಕದ ಬಾಗಿಲು ತೆರೆದುಕೊಟ್ಟು "ಬಾ, ಕೂತ್ಕೋ" ಎಂದು ಬೇಕರಿಯವನು ಕರೆದರೆ, ಅವನ ಹೆಂಡತಿ ಕೂರುವ ಬದಲು ನೇರವಾಗಿ ಕಾರಿನ ಹಿಂದಕ್ಕೆ ಹೋದಳು. ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡಳು. ಎರಡೂ ಅಂಗೈಗಳನ್ನು ಡಿಕ್ಕಿಯ ಮೇಲೆ ಊರಿ, ಒಂದು ಕಾಲು ಹಿಂದಿಟ್ಟು, "ಹೂಂ, ಹೇಳಿ" ಎಂದಳು.

ಬೇಕರಿಯವನಿಗೆ ಪುಟ್ಟ ಕನ್ನಡಿಯಲ್ಲಿ ಅವಳ ಬಗ್ಗಿದ ತಲೆ ಮಾತ್ರ ಕಾಣಿಸಿತು.

"ಅಲ್ಲೇನು ಮಾಡ್ತಿದ್ದೀಯ?"

"ತಳ್ಳೋದು ಬೇಡ್ವಾ?"

"ಇದಕ್ಕೆ ಸ್ಟಾರ್ಟರ್ ಇದೆ ಕಣೇ."

"ಅದಕ್ಕೂ ಇತ್ತು. ಇರೋದೇ ಬೇರೆ, ಕೆಲಸ ಮಾಡೋದೇ ಬೇರೆ."

'ಅದು' ಎಂದರೆ ಇವರ ಮೊದಲ ಕಾರು. ಮದುವೆಯಾದ ಹೊಸದರಲ್ಲಿ ಕೊಂಡಾಗಲೇ ಅದಕ್ಕೆ ಮುದಿತನ ಬಂದಿತ್ತು. ಬೇಕರಿಗೆ ದೊಡ್ಡ ಒಲೆ ಬೇಕಾದಾಗ ಕಣ್ಣು ಮುಚ್ಚಿಕೊಂಡು ಮಾರಿದ್ದರು. ಒಲೆ ಮನೆಯವರ ಹೊಟ್ಟೆ ತುಂಬಿಸಿತು, ಮಗಳನ್ನು ಓದಿಸಿತು. ಕಾರು ಮಾತ್ರ ಅವನ ಮನಸ್ಸಿನಿಂದ ಇಳಿಯಲಿಲ್ಲ. ನಸುಕಿಗೇ ಎದ್ದು ಹಿಟ್ಟು ನಾದುವವನಿಗೆ ಮಧ್ಯಾಹ್ನದ ನಿದ್ದೆಯೇ ನಿದ್ದೆ. ಆ ನಿದ್ದೆಯಲ್ಲಿ ವರ್ಷಗಟ್ಟಲೆ ಅವನು ಆ ಕಾರನ್ನು ಓಡಿಸಿದ. ಕನಸಿನ ರಸ್ತೆಗೆ ಎರಡೂ ಕಡೆ ಮರಗಳು. ಬೆಳಕು ಬೆಣ್ಣೆಯಂತೆ ಕರಗಿ ಗಾಜಿನ ಮೇಲೆ ಇಳಿಯುತ್ತಿತ್ತು. ಪಕ್ಕದಲ್ಲಿ ಹೆಂಡತಿ, ಕೂದಲು ಗಾಳಿಗೆ ಹಾರುತ್ತಾ, ಕೆನ್ನೆ ಕೆಂಪಾಗಿ, ಬಾಯಿ ಅರೆತೆರೆದು ಕೂತಿರುತ್ತಿದ್ದಳು. ಅವಳ ಆ ಸಂತೋಷ ಬಿಟ್ಟು ಬರಲಾರದೆ, ಎಚ್ಚರವಾದ ಮೇಲೂ ಅವನು ಸುಮಾರು ಹೊತ್ತು ಕಣ್ಣು ಮುಚ್ಚಿಯೇ ಮಲಗಿರುತ್ತಿದ್ದ.

ಈಗ ಒಲೆ ಮಗಳ ಕೈಗೆ ಹೋಗಿದೆ. ನಿನ್ನೆ ಸಂಜೆ ಅವನು ಯಾರಿಗೂ ಹೇಳದೆ ಕೇಳದೆ ಅದೇ ಜಾತಿಯ, ಅದೇ ತಿಳಿನೀಲಿಯ ಕಾರೊಂದನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ. ಮನೆಯವಳು ಒಪ್ಪದಿದ್ದರೆ ನಾಳೆಯೇ ವಾಪಸ್ ಎಂದು ಮಾರುವವನ ಹತ್ತಿರ ಮೊದಲೇ ಮಾತಾಡಿಕೊಂಡಿದ್ದ. ಅಷ್ಟು ಬುದ್ಧಿ ಅವನಿಗುಂಟು. ಹೆಂಡತಿ ಕಾರನ್ನು ಒಮ್ಮೆ ಸುತ್ತಿ ನೋಡಿ, ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. "ಬೆಳಿಗ್ಗೆ ಒಂದು ಸುತ್ತು ಹೋಗಿ ಬಂದ ಮೇಲೆ ಹೇಳ್ತೀನಿ" ಎಂದು ಒಳಗೆ ಹೋಗಿಬಿಟ್ಟಳು. ಈ ವಯಸ್ಸಿನಲ್ಲಿ ಇನ್ನೊಂದು ಸಲ ಈ ಕಾರನ್ನು ಕಳೆದುಕೊಳ್ಳುವ ಶಕ್ತಿ ತನಗಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೀ ತಿರುಗಿಸಿದ. ಇಂಜಿನ್ ಒಂದೇ ಮಾತಿಗೆ ಎದ್ದಿತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಬೆಳಗಿನ ಮಂಜು, ಇಳಿಜಾರಿನ ಓಣಿ, ಇನ್ನೂ ತೆರೆಯದ ಕಿಟಕಿಗಳು ಎಲ್ಲವೂ ಅವನ ಮಧ್ಯಾಹ್ನದ ನಿದ್ದೆಯೊಳಕ್ಕೆ ಜಾರಿದವು. ಕಾಲು ತಾನಾಗಿ ಕ್ಲಚ್ ಬಿಟ್ಟಿತು. ಒಂದು ಕೈ ತಾನಾಗಿ ಚಾಚಿ, ಪಕ್ಕದ ಬಾಗಿಲು ಮುಚ್ಚಿಕೊಳ್ಳದಂತೆ ಹಿಡಿಯಿತು. ಕಾರು ಹೊರಟೇಬಿಟ್ಟಿತು. ಹಿಂದೆ ದಬದಬ ಹೆಜ್ಜೆ ಸದ್ದು. ಕನ್ನಡಿಯಲ್ಲಿ ನೋಡಿದರೆ ನರೆತ ಕೂದಲಿನ ಹೆಂಗಸೊಬ್ಬಳು ಓಡಿ ಬರುತ್ತಿದ್ದಾಳೆ. ಯಾರಪ್ಪಾ ಇವಳು ಎಂದುಕೊಳ್ಳುವಷ್ಟರಲ್ಲಿ ಅವಳು ಬಾಗಿಲಿಗೆ ಸರಿಸಮ ಬಂದು, ಚೌಕಟ್ಟು ಹಿಡಿದು, ಧೊಪ್ಪೆಂದು ಪಕ್ಕದಲ್ಲಿ ಕುಸಿದಳು.

ಕೂದಲು ಹಾರುತ್ತಿತ್ತು. ಕೆನ್ನೆ ಕೆಂಪಾಗಿತ್ತು. ಬಾಯಿ ಅರೆತೆರೆದಿತ್ತು. ಬೇಕರಿಯವನು ಗಾಬರಿಯಾಗಿ ಕಾರು ನಿಲ್ಲಿಸಿದ.

"ಯಾಕೆ ಓಡಿದೆ? ಕೂಗಿದ್ರೆ ನಿಲ್ಲಿಸ್ತಿರ್ಲಿಲ್ವಾ?"

"ನಿಲ್ಲಿಸಿದ್ರೆ ಸತ್ತೇ ಹೋಗ್ತಿತ್ತಲ್ರೀ ಅದು. ಮತ್ತೆ ನಾನೇ ತಳ್ಳಬೇಕು," ಎಂದಳು ಏದುಸಿರಿನಲ್ಲೇ. ಆಮೇಲೆ ತನ್ನ ಮಾತಿಗೆ ತಾನೇ ನಕ್ಕಳು. "ಅಭ್ಯಾಸ ನೋಡಿ. ಆಗೆಲ್ಲ ತಳ್ಳಿ, ಓಡಿ, ಹತ್ತಿ, ಉಸಿರು ಸುಧಾರಿಸಿಕೊಂಡು ಕಣ್ಣು ಬಿಡೋ ಹೊತ್ತಿಗೆ ಹೋಗೋ ಜಾಗ ಬಂದಿರ್ತಿತ್ತು."

ಅವನಿಗೆ ಈಗ ಹೊಳೆಯಿತು. ಇಷ್ಟು ವರ್ಷ ಸಂತೋಷವೆಂದುಕೊಂಡು ತಾನು ಸವಿದದ್ದು ಅವಳ ಸುಸ್ತನ್ನು. ಅವಳು ಕಾರು ತಳ್ಳಿದ್ದು ಕನಸಿನಲ್ಲಿ ಒಂದು ದಿನವಾದರೂ ಬಂದದ್ದುಂಟೇ? ನಾಚಿಕೆಯಾಗಿ ಸ್ಟಿಯರಿಂಗ್ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ವಾಪಸ್ ಕೊಟ್ಟುಬಿಡ್ತೀನಿ ಬಿಡು," ಎಂದ.

"ಸುತ್ತು ಇನ್ನೂ ಮುಗಿದಿಲ್ಲ. ನೀವು ಇಳೀರಿ."

ಬೇಕರಿಯ ವ್ಯಾನನ್ನು ಪೇಟೆಯ ಓಣಿಗಳಲ್ಲಿ ವರ್ಷಾನುಗಟ್ಟಲೆ ಓಡಿಸಿ ಪಳಗಿದ ಕೈ ಅವಳದು. ಅವನ ಜಾಗಕ್ಕೆ ಸರಿದು, ಸೀಟು ಮುಂದಕ್ಕೆ ಎಳೆದುಕೊಂಡು, ಚೆನ್ನಾಗಿ ಓಡುತ್ತಿದ್ದ ಇಂಜಿನ್ನನ್ನು ಆರಿಸಿದಳು.

"ಆರಿಸಿದ್ಯಾಕೆ? ಕೀ ತಿರುಗಿಸಿದ್ರೆ ಸಾಕಲ್ಲ."

"ಇರ್ಲಿ. ತಳ್ಳಿ."

ಬೇಕರಿಯವನು ತಳ್ಳಿದ. ಹಿಟ್ಟು ನಾದಿದ ತೋಳುಗಳೇನೋ ಗಟ್ಟಿಯಿದ್ದವು, ಕಾಲುಗಳು ಕೈಕೊಟ್ಟವು. ಕಾರು ಇಳಿಜಾರಿನಲ್ಲಿ ಉರುಳಿ, ಒಮ್ಮೆ ಮುಕ್ಕರಿಸಿ, ಜೀವ ಬಂದು ಮುಂದೋಡಿತು. ಅವನೂ ಓಡಿದ. ಹೇಗೋ ಬಾಗಿಲು ಕೈಗೆ ಸಿಕ್ಕಿ ಒಳಗೆ ಬಿದ್ದಾಗ ಕಣ್ಣು ಕತ್ತಲೆಗಟ್ಟಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಹೊರಗೆ ಏನಿದೆ ಏನಿಲ್ಲ ಒಂದೂ ತಿಳಿಯಲಿಲ್ಲ. ಕಣ್ಣಿಗೆ ಸ್ವಲ್ಪ ಬೆಳಕು ಮರಳುವಾಗ, ಮನೆಗೆ ತಿರುಗುವ ಮೂಲೆ ಬಂತು. ಅವಳು ತಿರುಗಿಸಲಿಲ್ಲ.

"ಈ ರಸ್ತೆ ಇಷ್ಟು ಚೆನ್ನಾಗಿದೆ ಅಂತ," ಎಂದಳು ಮುಂದೆ ನೋಡುತ್ತಲೇ, "ನೀವು ಒಂದು ದಿನಾನೂ ಹೇಳ್ಲಿಲ್ವಲ್ರೀ."