ತಪ್ಪಿಲ್ಲದ ಹಾಳೆ

ಮುಖ್ಯ ಬೆರಳಚ್ಚುಗಾರ್ತಿ ಹೊಸ ಹುಡುಗಿ ಟೈಪ್ ಮಾಡಿದ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂರನೆಯ ಸಾಲಿಗೆ ಬಂದಾಗ ಕಣ್ಣು ಕಿರಿದಾಯಿತು. ಅಲ್ಲಿ ಉಗುರು ಸವರಿದರು. ಒಂದು ಅಕ್ಷರದ ಕೆಳಗೆ ಕೂದಲೆಳೆಯಷ್ಟು ಉಬ್ಬು.

ಕಚೇರಿಯಲ್ಲಿ ಅವರ ಅಡ್ಡಹೆಸರು ದುರ್ಬೀನು. ಹನ್ನೊಂದು ವರ್ಷಗಳಲ್ಲಿ ಅವರ ಮೇಜಿನಿಂದ ತಪ್ಪಿರುವ ಒಂದು ಪತ್ರವೂ ಹೊರಟಿರಲಿಲ್ಲ. ಕೆಲಸದ ನಡುವೆ ಅವರು ಕೆಮ್ಮಿದರೆ ಸಾಕು, ಕೋಣೆಗೆ ಕೋಣೆಯೇ ತಲೆ ತಗ್ಗಿಸುತ್ತಿತ್ತು. ಒಂದಕ್ಷರ ತಪ್ಪಿದರೂ ಇಡೀ ಹಾಳೆಯನ್ನು ಹೊಸದಾಗಿ ಹೊಡೆಯಬೇಕು. ತಿದ್ದಿದ ಪತ್ರ ಸಿಕ್ಕಿಬಿದ್ದರೆ ಅಂದೇ ಮನೆಗೆ. ಅದು ಅಲ್ಲಿನ ಕಾನೂನು.

ಹೀಗಿರುವಾಗ, ಮೂರು ತಿಂಗಳ ಹಿಂದೆ ಸೇರಿದ ಹುಡುಗಿಯ ಕಸದ ಬುಟ್ಟಿ ದಿನವೂ ಖಾಲಿ.

"ತಪ್ಪೇ ಮಾಡದವರು ನೀವೊಬ್ಬರೇ ಅಂದುಕೊಂಡಿದ್ದೆ," ಎಂದಿದ್ದರು ವ್ಯವಸ್ಥಾಪಕರು ಬೆಳಿಗ್ಗೆ. "ಇವಳ ಮೇಲೆ ಸ್ವಲ್ಪ ಕಣ್ಣಿಡಿ."

"ಇಟ್ಟೇ ಇದ್ದೀನಿ ಸರ್."

ಸುಳ್ಳಲ್ಲ. ಹುಡುಗಿ ಡ್ರಾಯರನ್ನು ಅರ್ಧ ಎಳೆದು, ಬೆನ್ನು ತಿರುಗಿಸಿ, ಹಾಳೆಯ ಮೇಲೆ ಉಫ್ ಎಂದು ಊದುವುದನ್ನು ಅವರು ವಾರದಿಂದ ಗಮನಿಸುತ್ತಿದ್ದರು. ಊದುವ ಸದ್ದನ್ನು ಮರೆಮಾಚುವಷ್ಟೂ ಬುದ್ಧಿಯಿಲ್ಲ ಈ ಹುಡುಗಿಗೆ.

ಊಟದ ಹೊತ್ತಿಗೆ ಕೋಣೆ ಬರಿದಾಯಿತು. ಹುಡುಗಿಯೂ ಎದ್ದಳು.

"ನೀನು ಕೂತ್ಕೋ. ಡ್ರಾಯರ್ ತೆಗಿ."

ಒಳಗೆ ಬಿಳಿ ದ್ರವದ ಪುಟ್ಟ ಬಾಟಲಿ, ಮುಚ್ಚಳಕ್ಕೆ ಅಂಟಿದ ಸಣ್ಣ ಕುಂಚ.

"ಉಗುರಿನ ಬಣ್ಣ ಮೇಡಂ."

"ಗೋಡೆಗೆ ಸುಣ್ಣ ಬಳಿದ ಹಾಗಿದೆ. ಇದನ್ನ ಹಚ್ಚಿಕೊಂಡು ಯಾವ ಮದುವೆಗೆ ಹೊರಟಿದ್ದೀಯಮ್ಮ?"

ಹುಡುಗಿಯ ಕಣ್ಣು ತುಂಬಿತು. "ಕೆಲಸ ಮಾತ್ರ ತೆಗೀಬೇಡಿ ಮೇಡಂ. ತಂಗಿ ಓದೋದು ಈ ಸಂಬಳದಲ್ಲೇ. ಇನ್ನು ಇದನ್ನ ಮುಟ್ಟಲ್ಲ."

"ಎಲ್ಲಿ ಕೊಂಡೆ?"

"ಕೊಂಡಿದ್ದಲ್ಲ. ಅಡುಗೆಮನೇಲಿ ನಾನೇ ಕಲಸಿದ್ದು. ಟೈಪಿಂಗ್ ಕಲಿಯೋವಾಗ್ಲೇ ಶುರು ಮಾಡಿದ್ದು, ಹಾಳೆ ಮೇಲೆ ಸರಿಯಾಗಿ ಕೂರೋಕೆ ಎಂಟು ತಿಂಗಳು ಹಿಡೀತು."

ದುರ್ಬೀನು ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದರು. ಬೇಡವಾದ ಹಾಳೆಯೊಂದರ ಮೇಲೆ ಕುಂಚದಿಂದ ಒಂದು ಗೆರೆ ಎಳೆದರು. ಹತ್ತರವರೆಗೆ ಎಣಿಸಿ ಬೆರಳೊತ್ತಿದರು. ಬೆರಳಿಗೆ ಏನೂ ಅಂಟಲಿಲ್ಲ. ಇನ್ನೊಮ್ಮೆ ಒತ್ತಿದರು.

ಹುಡುಗಿ ಕೈಚೀಲಕ್ಕೆ ತನ್ನ ಸಾಮಾನು ತುಂಬತೊಡಗಿದಳು. ಅವರು ಹೋಗಿ ಬಾಗಿಲ ಚಿಲಕ ಹಾಕಿ ಬಂದರು, ಕುರ್ಚಿ ಎಳೆದು ಅವಳ ಮಗ್ಗುಲಲ್ಲೇ ಕುಳಿತರು, ದನಿ ತಗ್ಗಿಸಿದರು.

"ನನ್ನದು ಒಣಗೋಕೆ ಕಾಲು ಗಂಟೆ ಬೇಕು ಕಣೇ. ನೀನು ಇದಕ್ಕೆ ಏನು ಬೆರೆಸ್ತೀಯ?"